ನೇತ್ರಾವತಿ ಲಾಯದಲ್ಲಿ ಕಲಿತ ಇಂಗ್ಲಿಷ್

ನೇತ್ರಾವತಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಬರುತ್ತಿತ್ತು. ಆದರೆ ಅದು ಕುದುರೆಗಳ ಜೊತೆ ಆಡುವ ಇಂಗ್ಲಿಷ್.

ಕುಣಿಗಲ್ಲಿನಿಂದ ಕೊತ್ತಗೆರೆ ಕಡೆಗೆ ಹೋಗುವಾಗ ರಾಗಿ ಹೊಲಗಳ ನಡುವೆ ಬಿಳಿ ಬೇಲಿಯ ಒಂದು ಕುದುರೆ ಫಾರಂ ಸಿಗುತ್ತದೆ. ರೇಸಿನಲ್ಲಿ ಓಡುವ ಕುದುರೆಗಳು ಹುಟ್ಟುವುದು ಅಲ್ಲಿ. ಆ ಕುದುರೆಗಳ ತಾತ ಮುತ್ತಾತಂದಿರು ಹಡಗು ಹತ್ತಿ ಬಂದವರು ಎಂತಲೋ ಏನೋ, ಅವುಗಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುವುದು ಅಲ್ಲಿನ ರೂಢಿ. ಕುದುರೆ ನೋಡಿಕೊಳ್ಳುವ ಆಳಿಗೆ ಅಲ್ಲಿ ಸೈಸ್ ಎನ್ನುತ್ತಾರೆ. ಆ ಸೈಸ್‌ಗಳು ತಮ್ಮತಮ್ಮಲ್ಲಿ ಹಳ್ಳಿಯ ಮಾತಾಡಿಕೊಂಡು, ಬೈದಾಡಿಕೊಂಡು, ಬೀಡಿ ಹಂಚಿಕೊಂಡು ಇರುವವರು, ಕುದುರೆಯ ಕಡೆ ಮುಖ ತಿರುಗಿಸಿದರೆ ಸಾಕು, "ವಾಕ್ ಆನ್", "ಸ್ಟ್ಯಾಂಡ್", "ಈಸಿ ಗರ್ಲ್, ಈಸಿ" ಎಂದು ದನಿಯನ್ನೇ ಬದಲಿಸಿಬಿಡುತ್ತಾರೆ. ಮನುಷ್ಯರಿಗೆ ಕನ್ನಡ, ಕುದುರೆಗೆ ಇಂಗ್ಲಿಷ್. ಈ ಕಟ್ಟಳೆ ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ, ಮೀರಿದವರೂ ಇಲ್ಲ.

ಹೀಗಿರುವಾಗ ಮೂರು ವರ್ಷದ ಕೆಳಗೆ ಐರ್ಲೆಂಡ್ ದೇಶದಿಂದ ನೋರಾ ಎಂಬ ಕುದುರೆ ಡಾಕ್ಟರು ಫಾರಮ್ಮಿಗೆ ಬಂದರು. ನಲವತ್ತು ದಾಟಿದ ಹೆಂಗಸು, ಬಿರುಸು ನಡಿಗೆ. ಬಂದ ಮೊದಲ ದಿನ ಸಾಲಾಗಿ ನಿಂತವರಿಗೆಲ್ಲ ಕೈ ಕುಲುಕುತ್ತಾ ನೇತ್ರಾವತಿಯ ಮುಂದೆ ಬಂದು, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಪಟಪಟನೆ ಕೇಳಿದರು. ನೇತ್ರಾವತಿಗೆ ಒಂದೂ ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಏನಾದರೂ ಹೇಳಲೇಬೇಕು ಎಂದು ಬಾಯಿ ತೆರೆದಳು. ಒಂಬತ್ತು ವರ್ಷದಿಂದ ಬಾಯಿಗೆ ರೂಢಿಯಾಗಿದ್ದ ಮಾತೇ ಹೊರಗೆ ಬಂತು.

"ಈಸಿ ಗರ್ಲ್, ಈಸಿ. ಸ್ಟ್ಯಾಂಡ್."

ಹೇಳಿದ್ದಷ್ಟೇ ಅಲ್ಲ, ಡಾಕ್ಟರ ಭುಜವನ್ನು ಎರಡು ಸಲ ತಟ್ಟಿಯೂ ಬಿಟ್ಟಳು.

ನಾಲ್ಕು ಲಾಯದವರು ಬಿದ್ದು ಬಿದ್ದು ನಕ್ಕರು. ನೋರಾ ಕೂಡ ನಕ್ಕರು, ಆದರೆ ನಿಂತರು. ಅಲ್ಲಾಡದೆ ನಿಂತು, ನೇತ್ರಾವತಿಯನ್ನು ಒಂದು ಗಳಿಗೆ ನೋಡಿ, ಮುಂದಿನವರ ಕಡೆ ಹೋದರು. ನೇತ್ರಾವತಿ ಆ ದಿನವೆಲ್ಲ ಲದ್ದಿಯ ಬುಟ್ಟಿಯಿಂದ ತಲೆ ಎತ್ತಲಿಲ್ಲ.

ಅವಳ ತವರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಹದಿನೆಂಟು ಅಂಕ ಬಂದು ಓದು ಅಲ್ಲಿಗೇ ನಿಂತಿತ್ತು. ಕೊತ್ತಗೆರೆಯ ತಿಮ್ಮರಾಜುವಿಗೆ ಕೊಟ್ಟರು. ತಿಮ್ಮರಾಜು ಫಾರಮ್ಮಿನಲ್ಲಿ ಸೈಸ್ ಆಗಿದ್ದ. ಗಂಡುಕುದುರೆಯೊಂದು ಒದ್ದು ಮಂಡಿ ಚಿಪ್ಪು ಒಡೆದ ಮೇಲೆ ಅವನನ್ನು ಗೇಟಿನ ಕಾವಲಿಗೆ ಹಾಕಿದರು. ಮನೆ ನಡೆಯಬೇಕಲ್ಲ, ನೇತ್ರಾವತಿ ಲದ್ದಿ ಬಾಚುವ ಕೆಲಸಕ್ಕೆ ಸೇರಿದಳು. ಕಂಟ್ರಾಕ್ಟ್ ಕೂಲಿ, ಇವತ್ತು ಇದೆ ನಾಳೆ ಇಲ್ಲ.

ಅವಳು ಬಾಚುತ್ತಿದ್ದದ್ದು ಮರಿ ಲಾಯ. ಹನ್ನೆರಡು ತಾಯಿಕುದುರೆಗಳು ಮರಿ ಹಾಕಿ, ಹಾಲೂಡಿಸುವ ಜಾಗ. ಅಲ್ಲಿನ ಸೈಸ್ ಯಲ್ಲಯ್ಯ. ಮೂವತ್ತೊಂದು ವರ್ಷ ಅದೇ ಲಾಯದಲ್ಲಿ ಇದ್ದವನು, ಹೋದ ವರ್ಷ ಮಾರ್ಚಿ ಕೊನೆಗೆ ನಿವೃತ್ತಿ ಆಗಬೇಕಿತ್ತು. ಅವನ ಜಾಗ ಕಾಯಂ ಜಾಗ. ತಾಯಿಕುದುರೆಗಳು ನೇತ್ರಾವತಿಯ ಹೆಜ್ಜೆಯ ಸದ್ದಿಗೇ ಕಿವಿ ನಿಮಿರಿಸುವುದನ್ನು ಯಲ್ಲಯ್ಯ ಕಂಡಿದ್ದ. ಹೆಂಗಸೊಬ್ಬಳು ಸೈಸ್ ಆದದ್ದು ಆ ಫಾರಮ್ಮಿನಲ್ಲಿ ಇಲ್ಲ, ಆದರೂ ತನ್ನ ಜಾಗಕ್ಕೆ ಇವಳೇ ಸರಿ ಎಂದು ಮ್ಯಾನೇಜರ್ ರವಿಕಿರಣ್‌ಗೆ ಅವನೇ ಹೇಳಿದ್ದ.

ರವಿಕಿರಣ್ ತುಮಕೂರಿನವನು, ಎಂಬಿಎ ಮಾಡಿದವನು, ಕೆಟ್ಟವನೇನಲ್ಲ. ಆದರೆ ನೋರಾ ಬಂದ ಮೇಲೆ ಒಂದು ನಿಯಮ ಆಗಿತ್ತು. ಮರಿ ಲಾಯದ ಸೈಸ್ ಯಾರೇ ಆಗಲಿ, ದಿನಾ ಬೆಳಿಗ್ಗೆ ಒಂದೊಂದು ಕುದುರೆಯ ಸ್ಥಿತಿಯನ್ನೂ ಡಾಕ್ಟರಿಗೆ ತಾವೇ ಬಾಯಲ್ಲಿ ಹೇಳಬೇಕು. ಹಳೇ ಡಾಕ್ಟರಿಗೆ ಕನ್ನಡ ಬರುತ್ತಿತ್ತು, ಇವರಿಗೆ ಬರುವುದಿಲ್ಲ. ಯಲ್ಲಯ್ಯ ಇರುವಷ್ಟು ದಿನ ರವಿಕಿರಣನೇ ವರದಿ ಹಾಳೆ ತುಂಬಿ ಓದಿ ಹೇಳುತ್ತಿದ್ದ, ಹೊಸಬರಿಗೆ ಆ ರಿಯಾಯಿತಿ ಇಲ್ಲ. ಇಂಗ್ಲಿಷಿನಲ್ಲಿ ಒಂದು ಪರೀಕ್ಷೆ ಇಡುತ್ತೇವೆ, ಪಾಸಾದರೆ ಜಾಗ ನಿಮ್ಮದು, ಇಲ್ಲದಿದ್ದರೆ ಹೊರಗಿನಿಂದ ಡಿಪ್ಲೊಮಾ ಆದವರನ್ನು ಕರೆಸುತ್ತೇವೆ, ಅವರು ಬಂದರೆ ನಿಮ್ಮ ಬಾಚುವ ಕೆಲಸಕ್ಕೂ ಅವರೇ ಆಳು ತರಬಹುದು ಎಂದು ರವಿಕಿರಣ್ ಮುಚ್ಚುಮರೆ ಇಲ್ಲದೆ ಹೇಳಿದ.

ಯಲ್ಲಯ್ಯ ಅವತ್ತು ಲಾಯಕ್ಕೆ ಬಂದು, "ನೋಡವ್ವ ನೇತ್ರಾ, ಇನ್ನು ಒಂದೂವರೆ ವರ್ಷ ಐತೆ. ಕುದುರೆಗೆ ಮಾತು ಕಲಿಸಿದೋಳು, ನಿಂಗೆ ನೀನು ಕಲಿಸ್ಕಳಕಾಗಕಿಲ್ವ?" ಎಂದ.

"ಕುದುರೆ ಎದುರು ಮಾತಾಡಕಿಲ್ವಲ್ಲ ಯಲ್ಲಣ್ಣ, ಅದ್ಕೆ ಸುಲಭ," ಎಂದಳು ನೇತ್ರಾವತಿ.

ಭಾನುವಾರ ಭಾನುವಾರ ಬಸ್ಸು ಹತ್ತಿ ತುಮಕೂರಿಗೆ ಹೋಗತೊಡಗಿದಳು. ಬಿ.ಎಚ್. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ಸೀತಾರಾಮಯ್ಯ ಎಂಬ ನಿವೃತ್ತ ಮೇಷ್ಟರು ಮನೆಯ ಮಹಡಿ ಮೇಲೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮಾತಾಡುವ ಮುಂಚೆ ಕನ್ನಡಕ ಒರೆಸಿಕೊಳ್ಳುವ ಮನುಷ್ಯ. ಅವರ ವಾಕ್ಯಗಳು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ, ಎಲ್ಲೂ ಮುದುರಿಲ್ಲ. ಕುದುರೆ ಮೇವು ತಿನ್ನುತ್ತಿಲ್ಲ ಎಂದು ಹೇಗೆ ಹೇಳುವುದು ಎಂದು ಕೇಳಿದ್ದಕ್ಕೆ "ದ ಮೇರ್ ಈಸ್ ನಾಟ್ ಕನ್ಸ್ಯೂಮಿಂಗ್ ದ ಫಾಡರ್" ಎಂದು ಬರೆಸಿದರು. ನೇತ್ರಾವತಿ ಬಸ್ಸಿನಲ್ಲಿ ಹೆಬ್ಬೂರು ದಾಟುವವರೆಗೂ ಅದನ್ನೇ ಉರು ಹೊಡೆದಳು. ಮಾರನೇ ದಿನ ಧೈರ್ಯ ಮಾಡಿ ನೋರಾ ಮುಂದೆ ಹೇಳಿದಳು.

ನೋರಾ ಹುಬ್ಬು ಗಂಟಿಕ್ಕಿದರು. ಆಮೇಲೆ ಮುಖ ಬಿಡಿಸಿಕೊಂಡು, "ಓ, ಆಫ್ ಹರ್ ಫೀಡ್, ಈಸ್ ಶಿ?" ಎನ್ನುತ್ತಾ ಕುದುರೆಯ ಬಳಿ ನಡೆದರು.

ನೇತ್ರಾವತಿ ಅಲ್ಲೇ ನಿಂತು ಯೋಚಿಸಿದಳು. ನಾವೇ ಆದರೂ 'ಕುದುರೆಯು ಆಹಾರ ಸೇವಿಸುತ್ತಿಲ್ಲ' ಎನ್ನುತ್ತೇವೆಯೇ? 'ಮೇವಿಗೆ ಬಾಯಿ ಹಾಕ್ತಿಲ್ಲ' ಎನ್ನುತ್ತೇವೆ. ಪೇಪರಿನಲ್ಲಿ ಬರೆಯುವ ಕನ್ನಡ ಬೇರೆ, ಹಟ್ಟಿಯ ಮುಂದೆ ಆಡುವ ಕನ್ನಡ ಬೇರೆ. ಹಾಗಾದರೆ ಇಂಗ್ಲಿಷಿಗೂ ಒಂದು ಹಟ್ಟಿ ಮುಂದಿನ ಮಾತು ಇರಲೇಬೇಕು. ಅದು ಮಹಡಿ ಮೇಲೆ ಸಿಗುವುದಿಲ್ಲ. ಅದು ಇಲ್ಲಿ, ಲಾಯದಲ್ಲೇ, ಈ ಡಾಕ್ಟರಮ್ಮನ ಬಾಯಿಂದ ದಿನವೂ ನೆಲಕ್ಕೆ ಉದುರುತ್ತಿದೆ. ಆರಿಸಿಕೊಳ್ಳುವವರಿಲ್ಲ, ಅಷ್ಟೇ.

ಆರಿಸಲು ಕೂತಳು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಹುರುಳಿಯ ಡಬ್ಬದ ಹಿಂದೆ ಇಟ್ಟಳು. ಅದರಲ್ಲಿ ಅವಳು ಮಾತಿನ ಅರ್ಥ ಬರೆಯುತ್ತಿರಲಿಲ್ಲ. ಅರ್ಥ ಗೊತ್ತಿದ್ದರಲ್ಲವೇ ಬರೆಯುವುದು? ಮಾತನ್ನು ಕಿವಿಗೆ ಬಿದ್ದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು, ಅದನ್ನು ಯಾವ ಕುದುರೆಯನ್ನು ನೋಡಿ ಹೇಳಿದರು, ಹೇಳಿದ ಮೇಲೆ ಡಾಕ್ಟರು ಏನು ಮಾಡಿದರು ಎಂದು ಬರೆಯುತ್ತಿದ್ದಳು. 'ಹ್ಯಾಂಗ್ ಆನ್. ಫೋನಿನಲ್ಲಿ. ಆಮೇಲೆ ಕೈ ಎತ್ತಿ ತೋರಿಸಿ, ಗೇಟು ಹಾಕಿ ಬಂದು ಮತ್ತೆ ಮಾತಾಡಿದರು.' 'ನಾಟ್ ಹರ್ಸೆಲ್ಫ್. ಲಕ್ಷ್ಮಿ ಕುದುರೆ. ಜ್ವರ ಇಲ್ಲ, ಆದರೂ ಮಂಕು. ಆಮೇಲೆ ನಾಲ್ಕು ಸಲ ಬಂದು ನೋಡಿದರು.' 'ಪಿಕ್ಕಿಂಗ್ ಅಟ್ ಇಟ್. ತಿಂದ ಹಾಗೆ ಮಾಡಿ ತಿನ್ನದೆ ಬಿಟ್ಟಾಗ.'

ಕೆಲವಕ್ಕೆ ಏನೂ ಬರೆಯಬೇಕಾಗಲೇ ಇಲ್ಲ. ಒಂದು ದಿನ ಬಯಲಿನಲ್ಲಿ ಬಾಲ ಎತ್ತಿಕೊಂಡು ದಿಕ್ಕು ದಿಕ್ಕಿಗೆ ಹಾರುತ್ತಿದ್ದ ಮರಿಯನ್ನು ನೋಡಿ ನೋರಾ "ಫುಲ್ ಆಫ್ ಬೀನ್ಸ್" ಎಂದರು. ಬೀನ್ಸ್ ಎಂದರೆ ಕಾಳು ಎಂದು ನೇತ್ರಾವತಿಗೆ ಗೊತ್ತಿತ್ತು. ಹುರುಳಿ ತಿಂದ ಕುದುರೆ ಹೇಗಾಡುತ್ತದೆ ಎಂದು ಅವಳಿಗೆ ಯಾವ ದೇಶದವರೂ ಹೇಳಿಕೊಡಬೇಕಿರಲಿಲ್ಲ. ಅವರ ಕಡೆಯೂ ಕುದುರೆಗೆ ಕಾಳು ಹಾಕುತ್ತಾರೆ, ಹಾಕಿದರೆ ಅದು ಅಲ್ಲಿಯೂ ಹೀಗೇ ಮೆರೆಯುತ್ತದೆ ಎಂದು ತಿಳಿದು ಅವಳಿಗೆ ಏನೋ ಸಂತೋಷವಾಯಿತು.

ಹಾಗಲವಾಡಿಯಲ್ಲಿ ಅವಳ ತಾಯಿ ನರಸಿಂಹಮ್ಮ ಹೆಣ್ಣು ಕೊಡುವ ಮಾತು ಬಂದಾಗಲೆಲ್ಲ ಒಂದು ಪದ್ಧತಿ ನಡೆಸುತ್ತಿದ್ದಳು. ಗಂಡಿನ ಮನೆ ಒಳ್ಳೆಯದು ಎಂದು ಒಂದು ಬಾಯಿ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಕು, ಎರಡು ಬಾಯಿ ಹೇಳಿದರೆ ಮನಸ್ಸಿಗೆ ಹಾಕಿಕೊಳ್ಳಬೇಕು, ಮೂರನೆಯದು ಹೇಳಿದ ಮೇಲೆಯೇ ಎಲೆ ಅಡಿಕೆ ತರಬೇಕು. ನೇತ್ರಾವತಿ ಮಾತುಗಳಿಗೂ ಅದನ್ನೇ ಇಟ್ಟುಕೊಂಡಳು. ಮೂರು ಬೇರೆ ಬೇರೆ ದಿನ, ಮೂರು ಬೇರೆ ಕುದುರೆಯ ಮುಂದೆ ಕೇಳುವ ತನಕ ಯಾವ ಮಾತನ್ನೂ ಬಾಯಿಗೆ ತಂದುಕೊಳ್ಳುತ್ತಿರಲಿಲ್ಲ. ಮೂರಾದ ಮೇಲೂ ಮೊದಲು ಹೇಳುತ್ತಿದ್ದದ್ದು ಕುದುರೆಗಳಿಗೇ. ಮೈ ಉಜ್ಜುತ್ತಾ, ಬಾಲ ಬಿಡಿಸುತ್ತಾ, ಹನ್ನೆರಡಕ್ಕೂ ಹನ್ನೆರಡು ಸಲ. ಕುದುರೆ ತಪ್ಪು ಹಿಡಿಯುವುದಿಲ್ಲ, ನಗುವುದೂ ಇಲ್ಲ.

ಒಂದು ಭಾನುವಾರ ಸಂಕೋಚದಿಂದಲೇ ಆ ನೋಟ್‌ಬುಕ್ಕನ್ನು ಸೀತಾರಾಮಯ್ಯನವರ ಮುಂದೆ ಇಟ್ಟಳು. ಅವರು ಕನ್ನಡಕ ಒರೆಸಿಕೊಂಡು ಓದಲು ಶುರು ಮಾಡಿದವರು ಉಳಿದ ಮಕ್ಕಳಿಗೆ ಪಾಠ ಮಾಡುವುದನ್ನೇ ಮರೆತರು. ಕೊನೆಗೆ ತಲೆ ಎತ್ತಿ, "ಅಮ್ಮಾ, ನಾನು ಮೂವತ್ತಾರು ವರ್ಷ ಇಂಗ್ಲಿಷ್ ಪಾಠ ಮಾಡ್ದೆ. ಇವೆಲ್ಲ ಕಾದಂಬರೀಲಿ ಓದಿದೀನಿ. ಬಾಯಲ್ಲಿ ಒಂದು ದಿನ ಆಡಿಲ್ಲ. ಯಾರ ಹತ್ರ ಆಡೋದು ಹೇಳು," ಎಂದರು. ಇನ್ನು ಮೇಲೆ ನನ್ನ ವಾಕ್ಯ ಉರು ಹೊಡೆಯಬೇಡ, ನೀನು ಬಂದು ಈ ವಾರ ಕೇಳಿದ್ದನ್ನು ನನಗೆ ಹೇಳು, ಎಲ್ಲಿ ಯಾರಿಗೆ ಅನ್ನಬಾರದು ಎನ್ನುವುದನ್ನಷ್ಟೇ ನಾನು ಹೇಳುತ್ತೇನೆ ಎಂದೂ ಹೇಳಿದರು. ಅಂದಿನಿಂದ ಮಹಡಿ ಮೇಲೆ ಬರೆದುಕೊಳ್ಳುವವರು ಮೇಷ್ಟರೇ ಆದರು.

ಆ ನೋಟ್‌ಬುಕ್ಕಿನಲ್ಲಿ ಒಂದು ಮಾತಿಗೆ ಮಾತ್ರ ನೇತ್ರಾವತಿ ಕೆಳಗೆ ಗೆರೆ ಎಳೆದಿದ್ದಳು. 'ಐ ಡೋಂಟ್ ಲೈಕ್ ದ ಲುಕ್ ಆಫ್ ಹರ್.' ಅದರ ಮುಂದೆ ಬರೆದದ್ದು ಹೀಗಿತ್ತು. ಮೊದಲ ಸಲ: 'ಟೀ ಲೋಟ ಕೆಳಗೆ ಇಟ್ಟು ಓಡಿದರು.' ಎರಡನೇ ಸಲ: 'ಫೋನು ಅರ್ಧಕ್ಕೆ ನಿಲ್ಲಿಸಿ ಓಡಿದರು.' ಮೂರನೇ ಸಲ: 'ಊಟದ ತಟ್ಟೆ ಬಿಟ್ಟು ಓಡಿದರು. ಮರಿ ಉಳಿಯಿತು.' ಮಾತು ನೋಡಿದರೆ ಸಣ್ಣದು, ಅವಳನ್ನು ನೋಡಿದರೆ ನನಗೆ ಯಾಕೋ ಸರಿ ಕಾಣುತ್ತಿಲ್ಲ ಎನ್ನುವಷ್ಟೇ. ಆದರೆ ಡಾಕ್ಟರು ಅದನ್ನು ಸುಮ್ಮಸುಮ್ಮನೆ ಆಡುವವರಲ್ಲ, ಆಡಿದರೆ ಕೂತವರು ಕೂತಿರುವುದಿಲ್ಲ. ಮೂರು ಸಲ ಕೇಳಿಯೂ ನೇತ್ರಾವತಿ ಆ ಮಾತನ್ನು ಕುದುರೆಗಳ ಮುಂದೆ ಕೂಡ ಆಡಲಿಲ್ಲ. ದೇವರ ಮೇಲೆ ಆಣೆ ಇಡುವ ಮಾತನ್ನು ಅಭ್ಯಾಸಕ್ಕೆಂದು ಆಡುತ್ತಾರೆಯೇ?

ಹೋದ ವರ್ಷ ಫೆಬ್ರವರಿಯಲ್ಲಿ ರವಿಕಿರಣ್ ಒಂದು ಪರೀಕ್ಷೆ ಮಾಡಿದ. ಆಫೀಸು, ಎ.ಸಿ., ಗಾಜಿನ ಮೇಜು. "ಇಂಟ್ರೊಡ್ಯೂಸ್ ಯುವರ್ಸೆಲ್ಫ್," ಎಂದ. ನೇತ್ರಾವತಿಗೆ ತನ್ನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಮಾತೂ ಗೊತ್ತಿರಲಿಲ್ಲ. ಅವಳ ಇಂಗ್ಲಿಷೆಲ್ಲ ಕುದುರೆಗಳ ಮೇಲೆ ಕಟ್ಟಿದ್ದು. ಆ ಕೋಣೆಯಲ್ಲಿ ಒಂದು ಕುದುರೆಯೂ ಇರಲಿಲ್ಲ, ಲದ್ದಿಯ ವಾಸನೆಯೂ ಇರಲಿಲ್ಲ. ಹೆಸರು ಹೇಳಿ ಅಲ್ಲಿಗೇ ನಿಂತಳು. ರವಿಕಿರಣ್ ಪಾಪ ಎನಿಸಿ ನೀರು ಕೊಟ್ಟ, ಹಾಳೆಯ ಮೇಲೆ ಏನೋ ಗೀಚಿದ. ಇನ್ನೊಂದೇ ಅವಕಾಶ, ಮಾರ್ಚಿ ಕೊನೆಯ ಸೋಮವಾರ, ಅವತ್ತು ಡಾಕ್ಟರೂ ಕೂತಿರುತ್ತಾರೆ ಎಂದು ಹೇಳಿ ಕಳಿಸಿದ.

ಸುದ್ದಿ ಕೇಳಿ ಯಲ್ಲಯ್ಯನಿಗೆ ಸಿಟ್ಟು ಬಂತು. "ಅಲ್ಲ ಕಣವ್ವ, ಕುದುರೆಗೆಲ್ಲ ಅಷ್ಟುದ್ದ ಭಾಷಣ ಮಾಡ್ತೀಯ. ಅವನೇನು ಕಚ್ತಿದ್ನ?"

"ಕಚ್ಚೋದಾದ್ರೆ ಹೆದರ್ತಿರ್ಲಿಲ್ಲ ಬುಡಣ್ಣ. ಕಚ್ಚೋವ್ರ ಜೊತೆ ಏಗಿ ಅಭ್ಯಾಸ ಐತೆ."

ತಮಾಷೆಗೆ ಹೇಳಿದಳೇ ಹೊರತು ಒಳಗೆ ಕುಸಿದಿದ್ದಳು. ಮುಂದಿನ ಭಾನುವಾರ ತುಮಕೂರಿನಲ್ಲಿ ಇಳಿದು ಮೇಷ್ಟರ ಮನೆಗೆ ಹೋಗದೆ ದೇವರಾಯನದುರ್ಗಕ್ಕೆ ಹೋದಳು. ನರಸಿಂಹಸ್ವಾಮಿಯ ಮುಂದೆ ನಿಂತು ಕೆಲಸ ಕೊಡಿಸು ಎಂದು ಕೇಳಲಿಲ್ಲ. ಕೊಡುವುದು ಬಿಡುವುದು ನಿನ್ನ ಚಿತ್ತ, ಗೊತ್ತಿರುವ ಮಾತು ಬೇಕಾದ ಹೊತ್ತಿಗೆ ಬಾಯಿಗೆ ಬರಲಿ, ಅಷ್ಟು ಮಾಡು ಸ್ವಾಮಿ ಎಂದಳು.

ಆ ಸೋಮವಾರಕ್ಕೆ ಇನ್ನು ಮೂರು ದಿನ ಇತ್ತು. ಶುಕ್ರವಾರ. ನೋರಾ ಬೆಳಿಗ್ಗೆ ಬೆಂಗಳೂರಿಗೆ ಹೊರಟಿದ್ದರು, ಫಾರಮ್ಮಿನ ಮಾಲೀಕರ ಜೊತೆ ಏನೋ ಸಭೆ. ಯಲ್ಲಯ್ಯ ಪಿಂಚಣಿಯ ಕಾಗದ ಸರಿಮಾಡಿಸಲು ಕುಣಿಗಲ್ಲಿಗೆ ಹೋಗಿದ್ದ. ಬೆಳಗಿನ ವರದಿ ಹಾಳೆಯಲ್ಲಿ ಹನ್ನೆರಡು ಕುದುರೆಗಳ ಮುಂದೆಯೂ ನಾರ್ಮಲ್ ಎಂದೇ ಇತ್ತು.

ಹತ್ತು ಗಂಟೆಯ ಹೊತ್ತಿಗೆ ನೇತ್ರಾವತಿ ಬಯಲಿನಲ್ಲಿ ಲದ್ದಿ ಬಾಚುತ್ತಿದ್ದಾಗ ಗೌರಿಯ ಮೇಲೆ ಕಣ್ಣು ಬಿತ್ತು. ಕಾಗದದಲ್ಲಿ ಆ ಕುದುರೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಲಾಯದಲ್ಲಿ ಮಾತ್ರ ಗೌರಿ. ಮರಿ ಹಾಕಿ ಹನ್ನೆರಡು ದಿನವಾಗಿತ್ತು. ಉಳಿದವೆಲ್ಲ ಬೇವಿನ ಮರದ ನೆರಳಿಗೆ ಸೇರಿದ್ದರೆ ಗೌರಿ ಬಿಸಿಲಿನಲ್ಲಿ ಬೇಲಿಯ ಮೂಲೆಗೆ ಹೋಗಿ ನಿಂತಿದ್ದಳು. ಮರಿ ಹಾಲಿಗೆ ಬಾಯಿ ಹಾಕಿತು, ಗೌರಿ ಒಂದು ಹೆಜ್ಜೆ ಸರಿದಳು. ಒಂದೇ ಹೆಜ್ಜೆ. ಆಮೇಲೆ ಒಂದು ಸಲ ಕತ್ತು ತಿರುಗಿಸಿ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. ನೇತ್ರಾವತಿ ಹತ್ತಿರ ಹೋಗಿ ತುಟಿ ಎತ್ತಿ ವಸಡು ನೋಡಿದಳು. ದಿನದ ಗುಲಾಬಿ ಬಣ್ಣ ಒಂದಿಷ್ಟು ಕಪ್ಪಾಗಿತ್ತು, ಅಥವಾ ಹಾಗೆ ಕಂಡಿತು. ಲಾಯಕ್ಕೆ ಓಡಿಹೋಗಿ ಗೌರಿಯ ಮೇವಿನ ತೊಟ್ಟಿ ನೋಡಿದಳು. ಮೇಲೆ ಕೆದಕಿದ ಹಾಗಿತ್ತು, ಕೆಳಗೆ ಎಲ್ಲ ಹಾಗೇ ಇತ್ತು. ಬೆಳಿಗ್ಗೆ ತೊಟ್ಟಿಯಲ್ಲಿ ಬಾಯಿ ಇಟ್ಟಿದ್ದನ್ನು ಕಂಡು ತಿಂದಿದೆ ಎಂದು ಬರೆದಿದ್ದರು.

ರವಿಕಿರಣ್ ಕಂಪ್ಯೂಟರಿನ ಮುಂದೆ ಕೂತಿದ್ದ. ನೇತ್ರಾವತಿ ಹೇಳಿದ್ದನ್ನೆಲ್ಲ ಕೇಳಿ ವರದಿ ಹಾಳೆ ತೆಗೆದು ನೋಡಿದ. ಜ್ವರ ಇಲ್ಲ, ಲದ್ದಿ ಹಾಕಿದೆ, ಮರಿ ಹಾಲು ಕುಡಿದಿದೆ. ಒಂದು ಸಲ ಹೊಟ್ಟೆ ನೋಡಿಕೊಂಡಿತು ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಡಾಕ್ಟರು ಮಾಲೀಕರ ಸಭೆಗೆ ಹೋಗುತ್ತಿದ್ದಾರೆ, ಸುಮ್ಮನೆ ಫೋನು ಮಾಡಿ ಬೈಸಿಕೊಳ್ಳುವುದು ಯಾಕೆ ಎಂದ. ನೇತ್ರಾವತಿ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಕೊನೆಗೆ ಅವನೇ ಸೋತು ಫೋನು ಹಚ್ಚಿದ, ಸ್ಪೀಕರಿಗೆ ಹಾಕಿದ.

ಅವನ ಇಂಗ್ಲಿಷ್ ಒಳ್ಳೆಯ ಇಂಗ್ಲಿಷ್. ಎಲ್ಲ ಅಳತೆಗಳೂ ಸರಿಯಾಗಿವೆ, ಆದರೆ ಕೆಲಸದವರೊಬ್ಬರಿಗೆ ಕುದುರೆಯ ನಡವಳಿಕೆಯ ಬಗ್ಗೆ ಸ್ವಲ್ಪ ಅನುಮಾನ ಇದೆಯಂತೆ ಎಂದು ಗೌರವದಿಂದ ತಿಳಿಸಿದ. ಆ ಕಡೆ ಕಾರು ಓಡುವ ಸದ್ದು. ಸರಿ, ಬರೆದಿಡಿ, ಒಂದು ಗಂಟೆಗೆ ಇನ್ನೊಮ್ಮೆ ಜ್ವರ ನೋಡಿ ಹೇಳಿ ಎಂದರು ನೋರಾ. ರವಿಕಿರಣನ ಬೆರಳು ಫೋನು ಇಡಲು ಮುಂದೆ ಹೋಯಿತು.

"ಸಾರ್, ಇಲ್ಲಿ ಕೊಡಿ," ಎಂದಳು ನೇತ್ರಾವತಿ. ಕೊಡುವ ತನಕ ಕಾಯಲಿಲ್ಲ, ತೆಗೆದುಕೊಂಡಳು.

ಆ ಕೋಣೆಯಲ್ಲಿ ಆಗಲೂ ಕುದುರೆ ಇರಲಿಲ್ಲ. ಆದರೆ ಅವಳ ಕಣ್ಣ ಮುಂದೆ ಗೌರಿ ನಿಂತಿದ್ದಳು, ಬೇಲಿಯ ಮೂಲೆಯಲ್ಲಿ, ಬಿಸಿಲಿನಲ್ಲಿ.

"ಡಾಕ್ಟರ್, ನೇತ್ರಾ ಹಿಯರ್. ಶಿ ಈಸ್ ನಾಟ್ ಹರ್ಸೆಲ್ಫ್. ಪಿಕ್ಕಿಂಗ್ ಅಟ್ ಹರ್ ಫೀಡ್. ಗಾನ್ ಆಫ್ ಬೈ ಹರ್ಸೆಲ್ಫ್." ಉಸಿರು ತೆಗೆದುಕೊಂಡಳು. "ಐ ಡೋಂಟ್ ಲೈಕ್ ದ ಲುಕ್ ಆಫ್ ಹರ್."

ಆಮೇಲೆ ನೋರಾ ಬೇರೆಯೇ ದನಿಯಲ್ಲಿ ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ಹೊಟ್ಟೆ ನೋಡಿಕೊಳ್ಳುತ್ತಿದೆಯೇ? "ಜಸ್ಟ್ ದ ಒನ್ಸ್," ಒಂದೇ ಸಲ ಎಂದಳು ನೇತ್ರಾವತಿ. ಮಲಗಿದೆಯೇ? "ನಾಟ್ ಯೆಟ್." ವಸಡು? "ಎ ಬಿಟ್ ಡಾರ್ಕ್." ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೋಗುತ್ತಿತ್ತು. ಇಬ್ಬರೂ ಒಂದೇ ಹಗ್ಗವನ್ನು ಎರಡು ತುದಿಯಲ್ಲಿ ಹಿಡಿದು ಎಳೆಯುತ್ತಿದ್ದ ಹಾಗಿತ್ತು. ಮಲಗಲು ಬಿಡಬೇಡ, ನಡೆಸುತ್ತಿರು, ಲಾರಿ ಸಿದ್ಧ ಮಾಡಿಸು, ನಾನು ಸೋಲೂರಿನಲ್ಲಿದ್ದೇನೆ, ಕಾರು ತಿರುಗಿಸಿದೆ ಎಂದು ಹೇಳಿ ಫೋನು ಇಟ್ಟರು.

ರವಿಕಿರಣ್ ಕುರ್ಚಿಯಿಂದ ಎದ್ದ. "ನೀವು ಏನ್ ಹೇಳಿದ್ರಿ ಅವ್ರಿಗೆ?"

"ಆಮೇಲ್ ಹೇಳ್ತೀನಿ ಬನ್ನಿ ಸಾರ್, ಮರಿ ಹಿಡ್ಕಳಕೆ ಒಬ್ರು ಬೇಕು."

ಬಯಲಿಗೆ ಹೋಗುವಷ್ಟರಲ್ಲಿ ಗೌರಿ ನೆಲ ಕೆರೆಯಲು ಶುರು ಮಾಡಿದ್ದಳು. ಹತ್ತು ನಿಮಿಷಕ್ಕೆ ಕುತ್ತಿಗೆಯೆಲ್ಲ ಬೆವರು. ಇಪ್ಪತ್ತು ನಿಮಿಷಕ್ಕೆ ಮೊಣಕಾಲು ಮಡಚಿ ಮಡಚಿ ಮಲಗಲು ಹೊರಟಳು. ನೇತ್ರಾವತಿ ಲಗಾಮು ಬಿಡಲಿಲ್ಲ. ವಾಕ್ ಆನ್ ತಾಯಿ, ವಾಕ್ ಆನ್, ಎಂದು ಎರಡೂ ಭಾಷೆ ಕಲಸಿ ಗೋಗರೆಯುತ್ತಾ ಸುತ್ತಿಸಿದಳು. ಹೊಳೆಯುವ ಬೂಟಿನ ರವಿಕಿರಣ್ ಒದ್ದಾಡುವ ಮರಿಯ ಎದೆಗೆ ಕೈ ಬಳಸಿ ಹಿಡಿದು ನಡೆಸಿಕೊಂಡು ಹಿಂದೆ ಹಿಂದೆ ಬಂದ. ನೋರಾ ಬಂದು ಇಳಿದವರು ಗೌರಿಯ ಹೊಟ್ಟೆಗೆ ಕಿವಿ ಕೊಟ್ಟರು, ಸೂಜಿ ಚುಚ್ಚಿದರು, ತಾಯಿ ಮರಿ ಎರಡನ್ನೂ ಲಾರಿ ಹತ್ತಿಸಿ ಬೆಂಗಳೂರಿನ ಕುದುರೆ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದರು. ಅಷ್ಟರಲ್ಲಿ ಬಂದಿದ್ದ ಯಲ್ಲಯ್ಯ ಕೈಯಲ್ಲಿದ್ದ ಪಿಂಚಣಿಯ ಕಾಗದವನ್ನು ತಿಮ್ಮರಾಜುವಿಗೆ ಕೊಟ್ಟು ಲಾರಿಗೆ ಹತ್ತಿದ.

ಸಂಜೆ ಅವನ ಫೋನು ಬಂತು. ಕರುಳು ಸುತ್ತಿಕೊಂಡಿತ್ತಂತೆ, ಹೊಟ್ಟೆ ಕೊಯ್ದು ಬಿಡಿಸಿದರಂತೆ. ಕೊಯ್ದ ಡಾಕ್ಟರು, ಇನ್ನೊಂದು ಗಂಟೆ ತಡವಾಗಿದ್ದರೆ ತರುವುದೇ ಬೇಡವಾಗಿತ್ತು ಅಂದರಂತೆ. "ಬದುಕವ್ಳೆ ಕಣವ್ವ. ಎದ್ದು ನಿಂತವ್ಳೆ," ಎಂದು ಹೇಳಿ, ಆ ಮೂವತ್ತೊಂದು ವರ್ಷ ದುಡಿದ ಸೈಸ್ ಫೋನಿನಲ್ಲೇ ಅತ್ತ.

ಸೋಮವಾರ ನೇತ್ರಾವತಿ ತಲೆಗೆ ಎಣ್ಣೆ ಹಾಕಿ ಬಾಚಿ, ಒಗೆದ ಸೀರೆ ಉಟ್ಟು ಆಫೀಸಿನ ಬಾಗಿಲಲ್ಲಿ ನಿಂತಳು. ಕುದುರೆ ಉಳಿದದ್ದು ಬೇರೆ, ಪರೀಕ್ಷೆ ಬೇರೆ ಎಂದೇ ಅವಳು ತಿಳಿದಿದ್ದಳು. ರವಿಕಿರಣ್ ಪ್ರಶ್ನೆಯ ಹಾಳೆಯನ್ನು ನೋರಾ ಮುಂದೆ ಇಟ್ಟ. ನೋರಾ ಮೊದಲನೇ ಸಾಲು ಓದಿ ಹಾಳೆಯನ್ನು ಮಗುಚಿದರು, ಎದ್ದರು, ಹೊರಗೆ ನಡೆಯಿರಿ ಎಂದು ಕೈ ತೋರಿಸಿದರು.

ಬಯಲಿನಲ್ಲಿ ಹನ್ನೊಂದು ತಾಯಿಕುದುರೆಗಳು ಇದ್ದವು. ಒಂದೊಂದರ ಬಗ್ಗೆಯೂ ಹೇಳು ಎಂದರು ನೋರಾ. ನೇತ್ರಾವತಿ ಬೇಲಿಯ ಮೇಲೆ ಕೈ ಇಟ್ಟಳು. ಆಮೇಲೆ ಯಾರೂ ಅವಳನ್ನು ತಡೆಯಲಿಲ್ಲ. ಆ ಬಿಳಿಮೂಗಿನವಳ ಹಿಂಗಾಲು ಬೆಳಿಗ್ಗೆ ಕೊಂಚ ಬಿಗಿ, ನಡೆದರೆ ಸಡಿಲವಾಗುತ್ತದೆ, ಚಿಂತೆಯಿಲ್ಲ. ಇವಳು ಮರಿಯನ್ನು ಕಣ್ಣೆದುರು ಬಿಟ್ಟು ಕದಲಗೊಡುವುದಿಲ್ಲ. ಅವಳು ನಿನ್ನೆಯಿಂದ ಗೆಲುವಾಗಿದ್ದಾಳೆ. ಆ ಮರಿಗೆ ಹುರುಳಿ ಹಾಕದೆಯೇ ಹುರುಳಿ ತಿಂದ ಮದ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು, ಹಟ್ಟಿ ಮುಂದೆ ನಿಂತು ಆಡುವ ಇಂಗ್ಲಿಷಿನಲ್ಲಿ. ನೋರಾ ನಡುನಡುವೆ ನಕ್ಕರು, ಎರಡು ಕಡೆ ಹಾಗಲ್ಲ ಎಂದು ವಾದಕ್ಕೆ ನಿಂತರು, ಇವಳೂ ಬಿಡದೆ ನಿಂತಳು.

ಹನ್ನೊಂದನೆಯದು ಹೊಸದಾಗಿ ಬಂದ ಕುದುರೆ, ಒಂದು ವಾರದ ಪರಿಚಯ. ಅದಕ್ಕೆ ಯಾಕೆ ಕೂದಲು ಉದುರುತ್ತಿದೆ ಎಂದು ನೋರಾ ಕೇಳಿದರು.

"ಐ ಕುಡಂಟ್ ಟೆಲ್ ಯೂ, ಡಾಕ್ಟರ್," ಎಂದಳು ನೇತ್ರಾವತಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅಷ್ಟು ಸರಾಗವಾಗಿ ಹೇಳಿದ್ದನ್ನು ಕೇಳಿ ನೋರಾ ರವಿಕಿರಣನ ಕಡೆ ತಿರುಗಿದರು. ಹನ್ನೊಂದು ಉತ್ತರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು, ಕಾಗದ ಟೈಪು ಮಾಡಿಸಿ ಎಂದರು.

ಮಧ್ಯಾಹ್ನದ ಹೊತ್ತಿಗೆ ಆರ್ಡರ್ ಕೈಗೆ ಬಂತು. ಮರಿ ಲಾಯದ ಸೈಸ್, ಕಾಯಂ, ಏಪ್ರಿಲ್ ಒಂದರಿಂದ. ತಿಮ್ಮರಾಜು ಗೇಟಿನ ಕೋಣೆಯಲ್ಲಿ ಅದನ್ನು ಓದಿ, ಮತ್ತೆ ಓದಿ, ಮಡಚಿದರೆ ಗೆರೆ ಬೀಳುತ್ತದೆ ಎಂದು ಮಡಚದೆ ಹಿಡಿದುಕೊಂಡೇ ಮನೆಯ ತನಕ ಕುಂಟಿಕೊಂಡು ನಡೆದ. ಸೀತಾರಾಮಯ್ಯನವರು ಫೋನಿನಲ್ಲಿ ಸುದ್ದಿ ಕೇಳಿ, ಈ ಭಾನುವಾರ ಬಂದು ನನ್ನ ಮಕ್ಕಳಿಗೆ ಒಂದು ಪಾಠ ಮಾಡಿ ಹೋಗಬೇಕು ಎಂದು ಅಪ್ಪಣೆ ಮಾಡಿದರು. ಅವಳು ಹೋಗಿ ಮಾಡಿಯೂ ಬಂದಳು.

ಗೌರಿ ಹಿಂದಿರುಗಿದ್ದು ಹದಿನಾರನೆಯ ದಿನ. ಲಾರಿ ಗೇಟು ದಾಟುವಾಗಲೇ ಒಳಗಿನಿಂದ ಕೆನೆದಳು, ಬಯಲಿನ ಹನ್ನೊಂದೂ ಬೇಲಿಗೆ ಓಡಿ ಬಂದು ಎದುರು ಕೆನೆದವು. ಖಾಕಿ ಅಂಗಿ ತೊಟ್ಟ ನೇತ್ರಾವತಿ ಲಾರಿಯ ಹಲಗೆ ಇಳಿಸಿ ಒಳಗೆ ಹೋಗಿ, ಹೊಟ್ಟೆಗೆ ಪಟ್ಟಿ ಸುತ್ತಿದ್ದ ಕುದುರೆಯನ್ನು ಹೆಜ್ಜೆ ಹೆಜ್ಜೆಗೆ ಮಾತಾಡಿಸುತ್ತಾ ಹೊರಗೆ ತಂದಳು. ಮರಿ ಒಂದೇ ನೆಗೆತಕ್ಕೆ ತಾಯಿಯ ಹಿಂದೆಯೇ ಕೆಳಗೆ ಹಾರಿತು. ಗೌರಿ ನೆಲ ಮುಟ್ಟಿದವಳೇ ಯಾರ ಮುಖವನ್ನೂ ನೋಡದೆ ಅಲ್ಲಿ ಬಿದ್ದಿದ್ದ ಕುದುರೆಮೆಂತ್ಯದ ಹಸಿ ಮೇವಿನ ಹೊರೆಗೆ ಬಾಯಿ ಹಾಕಿದಳು.

ರವಿಕಿರಣ್ ವರದಿ ಹಾಳೆಯ ಹಲಗೆ ಹಿಡಿದು ಬಂದು ಪಕ್ಕದಲ್ಲಿ ನಿಂತ. ಈಗ ಆ ಹಾಳೆಯ ಕೆಳಗೆ ಖಾನೆಗಳಿಲ್ಲದ ನಾಲ್ಕು ಬರೀ ಗೆರೆಗಳಿದ್ದವು. ನೋರಾ ಹಾಕಿಸಿದ್ದು. ಅಲ್ಲಿ ಬರೆಯಬೇಕಾದದ್ದನ್ನು ಮರಿ ಲಾಯದ ಸೈಸ್ ಹೇಳಬೇಕು, ಹೇಳಿದ ಹಾಗೆಯೇ ಬರೆಯಬೇಕು ಎಂದು ಹೊಸ ನಿಯಮವಾಗಿತ್ತು.

"ಏನ್ ಬರೀಲಿ ಮೇಡಂ?" ಎಂದ ರವಿಕಿರಣ್, ಪೆನ್ನಿನ ಮುಚ್ಚಳ ತೆಗೆಯುತ್ತಾ.

ನೇತ್ರಾವತಿ ಗೌರಿಯ ದವಡೆ ಕರಕರ ಆಡುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಶಿ ಈಸ್ ಹೋಮ್," ಎಂದಳು, "ಅಂಡ್ ಶಿ ಈಸ್ ಈಟಿಂಗ್ ಲೈಕ್ ಎ ಹಾರ್ಸ್."

ಹೊಟ್ಟೆಬಾಕ ಮನುಷ್ಯರಿಗೆ ಅನ್ನುವ ಆ ಮಾತನ್ನು ಕುದುರೆಗೇ ಬರೆಯುತ್ತಾ ರವಿಕಿರಣ್ ನಕ್ಕುಬಿಟ್ಟ. ಅವಳೂ ನಗುತ್ತಾ, ಇನ್ನೂ ಮೂರು ಗೆರೆ ಉಳಿದಿವೆ, ಬರೆದುಕೊಳ್ಳಿ ಎಂದು ಮುಂದಕ್ಕೆ ಹೇಳತೊಡಗಿದಳು.